ಮಾರುಕಟ್ಟೆಯ ದಾರಿ



ಹಿಜ್ರತ್‌ನ ದಿನಗಳು. ಎಲ್ಲವನ್ನೂ ಮಕ್ಕಾದಲ್ಲಿ ಬಿಟ್ಟು ಮದೀನಕ್ಕೆ ಬಂದಿದ್ದ ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಅನ್ಸಾರಿ ಸಹೋದರ ಹ. ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದರು. ಅವರು ಬರಕತ್ತಿಗಾಗಿ ದುಆ ಮಾಡಿ, ಮಾರುಕಟ್ಟೆಯ ದಾರಿಯನ್ನಷ್ಟೇ ಕೇಳಿದರು. ತುಪ್ಪ, ಒಣಮೊಸರಿನ ವ್ಯಾಪಾರದಿಂದ ಅವರ ಜೀವನ ಆರಂಭವಾಯಿತು.

ರಮಝಾನ್‌ಗೆ ಮುಂಚೆ ಕಲಬುರಗಿಯಲ್ಲಿ ಜುಮಾ ಮುಗಿದ ಮೇಲೆ ಯುವಕನೊಬ್ಬ ನನ್ನನ್ನು ನಿಲ್ಲಿಸಿದ. ಇಂಜಿನಿಯರಿಂಗ್ ಓದಿದ್ದಾನೆ. ಕಾಯಿಲೆಯ ತಾಯಿಯನ್ನು ಬಿಟ್ಟು ಬೆಂಗಳೂರಿಗೆ ಹೋಗುವಂತಿಲ್ಲ. ಮನೆಯಲ್ಲೇ ಸಾಫ್ಟ್‌ವೇರ್ ತಯಾರಿಸಿ ಕೊಡುವ ಸ್ವಂತ ಕಸುಬು ಹಿಡಿದು ಆರು ತಿಂಗಳಾದರೂ ಒಬ್ಬ ಗಿರಾಕಿಯೂ ಇಲ್ಲ.

"ಹಝ್ರತ್, ಗೆಳೆಯ ಮಾಡಿದ ಕೆಲಸವನ್ನು ನನ್ನದೆಂದು ತೋರಿಸಿದರೆ ಒಂದು ದಾಲ್ ಮಿಲ್ಲಿನ ಕೆಲಸ ಸಿಗುತ್ತದೆ. ಎಲ್ಲರೂ ಹೀಗೇ ಶುರು ಮಾಡುತ್ತಾರಂತೆ. ತೋರಿಸಲೇ?"

ನನಗೆ ಕಂಪ್ಯೂಟರ್ ತಿಳಿಯದು. ಆದರೆ ಗಂಜಿನಲ್ಲಿ ತೊಗರಿಯ ರಾಶಿ ನೋಡಿದವನು ನಾನು. ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಬೆರಳಿಗೆ ತೇವ ತಗಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನೇಕೆ ಮೇಲೆ ಇಡಲಿಲ್ಲವೆಂದು ಕೇಳಿ, ವಂಚಕನು ತಮ್ಮವನಲ್ಲವೆಂದರು. ಗಮನಿಸಿರಿ, ನೆನೆದ ಧಾನ್ಯವನ್ನು ಮಾರಲೇಬಾರದೆಂದು ಹೇಳಲಿಲ್ಲ. ಅನುಭವವಿಲ್ಲದಿರುವುದು ಪಾಪವಲ್ಲ, ಅದನ್ನು ಮುಚ್ಚಿಡುವುದು ಪಾಪ.

"ನಿಜ ಹೇಳಿದರೆ ಯಾರು ಕೆಲಸ ಕೊಡುತ್ತಾರೆ?" ಎಂದ. ತಾಯಿಯ ಔಷಧಿಯ ಚೀಟಿ ಕಿಸೆಯಲ್ಲಿದ್ದವನ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಎಷ್ಟು ಅಂಗಡಿಗಳಿಗೆ ಹೋಗಿ ಕೇಳಿದೆಯೆಂದು ವಿಚಾರಿಸಿದೆ. ಒಂದಕ್ಕೂ ಹೋಗಿರಲಿಲ್ಲ! ಆರು ತಿಂಗಳೂ ಕಂಪ್ಯೂಟರಿನ ಮುಂದೆ ಕುಳಿತು ಅಪರಿಚಿತರಿಗೆ ಸಂದೇಶ ಕಳುಹಿಸಿದ್ದನಷ್ಟೆ. ತವಕ್ಕುಲ್‌ಗೆ ಪ್ರವಾದಿವರ್ಯರು(ಸ) ಕೊಟ್ಟ ಉದಾಹರಣೆ ಹಕ್ಕಿಯದು. ಆ ಹಕ್ಕಿಯೂ ಬೆಳಿಗ್ಗೆ ಗೂಡು ಬಿಟ್ಟು ಹೊರಡುತ್ತದೆ.

ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ ಅವನ ಸೋದರಮಾವನಿದ್ದಾರೆ. ಆ ಊರಿನ ಕೆಂಪು ಬಾಳೆ ಪ್ರಸಿದ್ಧವಷ್ಟೆ. ಮಾವನ ಪರಿಚಯದ ಬಾಳೆ ವ್ಯಾಪಾರಿಯೊಬ್ಬರು ಉದ್ರಿ ಲೆಕ್ಕವನ್ನು ಹರಿದ ನೋಟುಪುಸ್ತಕದಲ್ಲಿ ಬರೆಯುತ್ತಿದ್ದರು. ಅಲ್ಲಿಗೆ ಹೋಗು, ಇದು ನನ್ನ ಮೊದಲ ಕೆಲಸವೆಂದು ಮೊದಲೇ ಹೇಳು ಎಂದೆ. ಏನು ಮಾಡಿಕೊಡುವೆ, ಎಷ್ಟು ದಿನ, ಎಷ್ಟು ಹಣ, ಆಮೇಲೆ ಕೆಟ್ಟರೆ ಯಾರು ಸರಿಪಡಿಸಬೇಕು, ಎಲ್ಲವನ್ನೂ ಕಾಗದದಲ್ಲಿ ಬರೆ. ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್‌ಬಕರದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಕುರಿತೇ ಇದೆ. ಹೇಳಿ ಮಾಡಿಸುವ ವಸ್ತುವಿನ ವಿವರ ಮುಂಚೆಯೇ ಸ್ಪಷ್ಟವಿರಬೇಕೆಂದು ಫುಕಹಾಗಳೂ ಷರತ್ತು ವಿಧಿಸಿದ್ದಾರೆ.

ವ್ಯಾಪಾರಿ ಚೌಕಾಶಿ ಮಾಡಿ ಅರ್ಧ ಹಣಕ್ಕೆ ಇಳಿಸಿದರಂತೆ. ದಾಲ್ ಮಿಲ್ಲಿನ ಕೆಲಸ ಬೇರೊಬ್ಬನ ಪಾಲಾಯಿತು. ಇದನ್ನು ಹೇಳುವಾಗ ಅವನ ಮುಖದಲ್ಲಿ ಬೇಸರವಿತ್ತು, ಇರಲಿ. ಕಳೆದ ಶುಕ್ರವಾರ ಒಂದು ಚಿಪ್ಪು ಕೆಂಪು ಬಾಳೆ ಹಿಡಿದು ಬಂದ. ಬಾಳೆ ಮಂಡಿಯ ಪಕ್ಕದ ಗೊಬ್ಬರದಂಗಡಿಯವರು ಕರೆದಿದ್ದಾರಂತೆ. ಅವರಿಗೂ ಹೇಳಿದ್ದಾನೆ, "ಇದು ನನ್ನ ಎರಡನೆಯ ಕೆಲಸ" ಎಂದು.