ದಾನಿಯ ಋಣ, ಪ್ರಜೆಯ ಹಕ್ಕು

ಹಣವಂತರು ರಾಜಕೀಯವನ್ನು ಕೊಂಡುಕೊಳ್ಳುತ್ತಾರೆ ಎಂದು ನಾವು ದೂರುತ್ತೇವೆ. ಹಾಗೆನ್ನುವಾಗ ನಮ್ಮ ಕಣ್ಣ ಮುಂದೆ ಬರುವುದು ಮತದಾನದ ಹಿಂದಿನ ರಾತ್ರಿ ಹಂಚುವ ನೋಟು ಮತ್ತು ಹೆಂಡ. ಆದರೆ ನೋಟು ಪಡೆದವನಿಗೆ ತಾನು ಪಡೆದದ್ದು ಲಂಚವೆಂದು ಗೊತ್ತಿರುತ್ತದೆ. ಅದನ್ನು ಜೇಬಿಗಿಳಿಸಿ ಬೇರೊಬ್ಬರಿಗೆ ಮತ ಹಾಕಲೂ ಅವನು ಹಿಂಜರಿಯಲಾರ. ಉಪಕಾರ ಪಡೆದವನ ಸ್ಥಿತಿ ಹಾಗಲ್ಲ. ಅವನನ್ನು ಕಟ್ಟಿಹಾಕುವುದು ಅವನದೇ ಸದ್ಗುಣವಾದ ಕೃತಜ್ಞತೆ. ಧನಿಕರ ರಾಜಕೀಯ ಶಕ್ತಿಯ ಆಳವಾದ ಬೇರು ಇಲ್ಲಿದೆ ಎಂದು ನಮಗನಿಸುತ್ತದೆ.

ಕಡೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಪಂಚನಹಳ್ಳಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮಳೆ ಕೈಕೊಟ್ಟರೆ ರಾಗಿಯ ಹೊಲವೂ ತೆಂಗಿನ ತೋಟವೂ ಒಣಗುವ ಬಯಲುಸೀಮೆಯ ಊರು. ಇಂತಹ ಊರಿಗೆ ಬರಗಾಲದಲ್ಲಿ ಶ್ರೀಮಂತರೊಬ್ಬರು ಸ್ವಂತ ಖರ್ಚಿನಲ್ಲಿ ನೀರಿನ ಟ್ಯಾಂಕರ್ ಕಳಿಸಿದರೆಂದು ಭಾವಿಸೋಣ. ಬಾಯಾರಿದವರು ನೀರು ಕುಡಿಯಲೇಬೇಕು, ಕಳಿಸಿದವರನ್ನು ಹರಸಲೇಬೇಕು. ಆದರೆ ಮೂರು ಬೇಸಿಗೆ ಹೀಗೆಯೇ ಕಳೆದರೆ? ಕೆರೆಯ ಹೂಳೆತ್ತುವ ಹಣ ಏನಾಯಿತೆಂದು ಪಂಚಾಯಿತಿಯನ್ನು ಕೇಳುತ್ತಿದ್ದ ಜನ, ಸಾಹುಕಾರರು ಈ ಸಲವೂ ಟ್ಯಾಂಕರ್ ಕಳಿಸಿಯಾರೇ ಎಂದು ದಾರಿ ಕಾಯತೊಡಗುತ್ತಾರೆ. ನಾಲ್ಕನೆಯ ವರ್ಷ ಸಾಹುಕಾರರೇ ಅಭ್ಯರ್ಥಿ. ಅವರ ನೀರು ಕುಡಿದವರು ಯಾವ ಬಾಯಿಂದ ಅವರ ಲೆಕ್ಕ ಕೇಳಬೇಕು?

ಇದು ಊಹೆಯ ಮಾತು. ಆದರೆ ನಮ್ಮ ನಾಡಿನಲ್ಲಿ ಇಂತಹದೇ ಕಥೆ ಬಹುದೊಡ್ಡ ಪ್ರಮಾಣದಲ್ಲಿ ನಡೆದಿದೆ. 2008ರಲ್ಲಿ ರಚನೆಯಾದ ಯಡಿಯೂರಪ್ಪ ಸರ್ಕಾರದಲ್ಲಿ ಬಳ್ಳಾರಿಯ ಗಣಿ ಉದ್ಯಮಿ ಗಾಲಿ ಜನಾರ್ದನ ರೆಡ್ಡಿ, ಅವರ ಅಣ್ಣ ಕರುಣಾಕರ ರೆಡ್ಡಿ ಮತ್ತು ಆಪ್ತರಾದ ಬಿ. ಶ್ರೀರಾಮುಲು ಮೂವರೂ ಸಚಿವರಾದರು. ಬಡವರಿಗಾಗಿ ಸಾಮೂಹಿಕ ವಿವಾಹಗಳು ನಡೆದವು. 2009ರಲ್ಲಿ ತಿರುಪತಿಗೆ 40 ಕೋಟಿ ರೂಪಾಯಿಗೂ ಹೆಚ್ಚು ಬೆಲೆಯದೆಂದು ವರದಿಯಾದ ವಜ್ರದ ಕಿರೀಟ ಸಂದಿತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಉತ್ತರ ಕರ್ನಾಟಕ ನೆರೆಯಲ್ಲಿ ಮುಳುಗಿತು. ಸಂತ್ರಸ್ತರಿಗೆ ತಾವೇ ಮನೆ ಕಟ್ಟಿಸಿಕೊಡುವುದಾಗಿ ರೆಡ್ಡಿ ಸಹೋದರರು ಘೋಷಿಸಿದರು. ಸರ್ಕಾರವು ಅದಿರು ಸಾಗಿಸುವ ಪ್ರತಿ ಲಾರಿಗೆ 1,000 ರೂಪಾಯಿ ವಿಧಿಸಲು ಹೊರಟಾಗ ಮಾತ್ರ ಅವರು ಮುನಿದರು. ನವೆಂಬರ್ ಹೊತ್ತಿಗೆ ಶಾಸಕರ ದಂಡು ಹೈದರಾಬಾದಿನ ರೆಸಾರ್ಟ್ ಸೇರಿತ್ತು. ಕೊನೆಗೆ ಮಣಿದವರು ಮುಖ್ಯಮಂತ್ರಿಯೇ. ಶೋಭಾ ಕರಂದ್ಲಾಜೆ ಸಚಿವ ಸ್ಥಾನ ಬಿಡಬೇಕಾಯಿತು.

ಮನೆ ಕಟ್ಟಿಸಿಕೊಡಲು ಒಪ್ಪುವವರು ತೆರಿಗೆಗೆ ಏಕೆ ಮುನಿಯಬೇಕು? ಎರಡೂ ಬಡವರಿಗೇ ತಲುಪಬೇಕಾದ ಹಣವಲ್ಲವೇ? ವ್ಯತ್ಯಾಸ ಮೊತ್ತದಲ್ಲಿಲ್ಲ. ತೆರಿಗೆ ಕಟ್ಟುವವನು ಎಲ್ಲರಂತೆ ಒಬ್ಬ ಪ್ರಜೆ. ಅವನ ಹಣ ಯಾರಿಗೆ ಹೋಗಬೇಕೆಂದು ಜನರ ಸರ್ಕಾರ ತೀರ್ಮಾನಿಸುತ್ತದೆ. ದಾನ ಕೊಡುವವನಾದರೋ ಒಡೆಯ. ಯಾರಿಗೆ, ಎಷ್ಟು, ಎಂದು ಕೊಡಬೇಕೆಂಬುದು ಅವನ ಇಚ್ಛೆ. ತೆರಿಗೆಯ ಹಣದಲ್ಲಿ ಎದ್ದ ಮನೆಗೆ ಯಾರ ಋಣವೂ ಇಲ್ಲ. ದಾನದ ಮನೆಯ ಬಾಗಿಲ ಮೇಲೆ ಒಂದು ಹೆಸರು ಇರುತ್ತದೆ.

2011ರ ಜುಲೈಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆ ಕುರಿತು ವರದಿ ಕೊಟ್ಟರು. 2006ರಿಂದ 2010ರವರೆಗೆ ರಾಜ್ಯದ ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಎಂಬುದು ಅದರ ಲೆಕ್ಕ. ಆ ನಷ್ಟ ಬಳ್ಳಾರಿಯೊಂದರದಲ್ಲ. ಭೂಗರ್ಭದ ಸಂಪತ್ತು ಇಡೀ ನಾಡಿನದು. ಅದರಲ್ಲಿ ಪಂಚನಹಳ್ಳಿಯ ಶಾಲೆಯ ಪಾಲೂ ಇತ್ತು, ಕೆರೆಯ ಪಾಲೂ ಇತ್ತು. ಸಾರ್ವಜನಿಕರ ಸೊತ್ತಿನಿಂದ ಅಕ್ರಮವಾಗಿ ಗಳಿಸಿದ್ದರಲ್ಲಿ ಒಂದಂಶವನ್ನು ಮರಳಿ ಕೊಟ್ಟರೆ ಅದು ದಾನವಾಗುವುದು ಹೇಗೆ?

ಹಾಗಾದರೆ ಕಾನೂನು ಏನು ಮಾಡುತ್ತಿದೆ? ವಿಧಾನಸಭಾ ಅಭ್ಯರ್ಥಿಯ ವೆಚ್ಚಕ್ಕೆ 2022ರಿಂದ 40 ಲಕ್ಷ ರೂಪಾಯಿಯ ಮಿತಿ ಇದೆ. ಪಕ್ಷಗಳ ವೆಚ್ಚಕ್ಕೆ ಮಿತಿಯೇ ಇಲ್ಲ. ಕೊಟ್ಟವರ ಹೆಸರನ್ನು ಮತದಾರರಿಂದ ಮರೆಮಾಡಿದ್ದ ಚುನಾವಣಾ ಬಾಂಡ್‌ಗಳನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿದ್ದು 2024ರ ಫೆಬ್ರವರಿ 15ರಂದು. ಯೋಜನೆ ಜಾರಿಗೆ ಬಂದು ಆಗಲೇ ಆರು ವರ್ಷಗಳಾಗಿದ್ದವು. ಜನಾರ್ದನ ರೆಡ್ಡಿಯವರು ಬಂಧನಕ್ಕೊಳಗಾದದ್ದು 2011ರ ಸೆಪ್ಟೆಂಬರ್‌ನಲ್ಲಿ. 2023ರಲ್ಲಿ ಅವರು ತಮ್ಮದೇ ಹೊಸ ಪಕ್ಷದಿಂದ ಗಂಗಾವತಿಯಲ್ಲಿ ಗೆದ್ದರು. ಓಬಳಾಪುರಂ ಗಣಿ ಪ್ರಕರಣದಲ್ಲಿ ಸಿಬಿಐ ನ್ಯಾಯಾಲಯ 7 ವರ್ಷಗಳ ಶಿಕ್ಷೆ ವಿಧಿಸಿದ್ದು 2025ರ ಮೇ ತಿಂಗಳಲ್ಲಿ. ಮರು ತಿಂಗಳೇ ತೆಲಂಗಾಣ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಕಾನೂನಿನ ನಡಿಗೆ ನಿಧಾನ. ಅದೊಂದನ್ನೇ ನಂಬಿ ನಾವು ಕೈಕಟ್ಟಿ ಕೂರುವಂತಿಲ್ಲ.

ಸರ್ಕಾರ ಕೊಡದಿರುವಾಗ ಬಡವ ದಾನವನ್ನೂ ಬೇಡವೆನ್ನಬೇಕೇ ಎಂದು ಕೇಳಬಹುದು. ಖಂಡಿತ ಇಲ್ಲ. ಹಸಿದವನಿಗೆ ತತ್ವ ಬೋಧಿಸುವುದು ಕ್ರೌರ್ಯ. ಬದಲಾಗಬೇಕಾದದ್ದು ಕೊಡುವುದರ ಅರ್ಥ. ಇದಕ್ಕೆ ನಮ್ಮ ಪರಂಪರೆಗಳಲ್ಲೇ ದಾರಿಯಿದೆ. ಇಸ್ಲಾಮಿನಲ್ಲಿ ಝಕಾತ್ ಉಳ್ಳವನ ಔದಾರ್ಯವಲ್ಲ, ಅವನ ಸಂಪತ್ತಿನಲ್ಲಿರುವ ಬಡವನ ಹಕ್ಕು. ಶರಣರ ದಾಸೋಹದಲ್ಲಿ ಕೊಡುವವನು ದಾಸ, ಒಡೆಯನಲ್ಲ. ಎರಡೂ ಕಡೆ ಪಡೆದವನು ತಲೆ ತಗ್ಗಿಸಬೇಕಾಗಿಲ್ಲ. ಕೊಟ್ಟವನಿಗೆ ಪ್ರತಿಫಲ ಕೇಳುವ ಅಧಿಕಾರವಿಲ್ಲ.

ಆದ್ದರಿಂದ ಟ್ಯಾಂಕರ್ ನೀರು ಕುಡಿಯೋಣ, ಕಳಿಸಿದವರಿಗೆ ಒಳಿತನ್ನೂ ಹಾರೈಸೋಣ. ಆದರೆ ಗ್ರಾಮಸಭೆಗೆ ಹೋಗುವುದನ್ನು ಬಿಡದಿರೋಣ. ಆರು ತಿಂಗಳಿಗೊಮ್ಮೆಯಾದರೂ ಅದನ್ನು ಕರೆಯಬೇಕೆಂದು ನಮ್ಮ ಪಂಚಾಯತ್ ರಾಜ್ ಕಾಯ್ದೆಯೇ ಹೇಳುತ್ತದೆ. ಅಲ್ಲಿ ಕೆರೆಯ ಲೆಕ್ಕ ಕೇಳುವುದು ಯಾರ ಉಪಕಾರಕ್ಕೂ ಬಗೆಯುವ ದ್ರೋಹವಲ್ಲ. ಮುಂದೊಂದು ದಿನ ಆ ದಾನಿಯೇ ಮತ ಕೇಳಲು ಬಂದರೆ, ಅವರ ಲೆಕ್ಕವನ್ನೂ ಅಷ್ಟೇ ಸಹಜವಾಗಿ ಕೇಳುವ ಧೈರ್ಯ ನಮ್ಮಲ್ಲಿ ಉಳಿದಿರಬೇಕು.