ಚೈನು ಹರಿದಾಗ ತಾಳ್ಮೆ ಅಂದ್ರೆ ಏನು?

ಪ್ರಿಯರೇ, ಇವತ್ತು ಒಂದೇ ಒಂದು ಪ್ರಶ್ನೆ ತಗೊಂಡು ಕೂತ್ಕೊಳ್ಳೋಣ. ಕೇಳಿದ ಕೂಡಲೇ ಉತ್ತರ ಗೊತ್ತು ಅನ್ನಿಸುವಂಥ ಪ್ರಶ್ನೆ. ಇಬ್ಬರು ಗೆಳೆಯರು ಸೈಕಲ್ ಮೇಲೆ ದೂರದ ಸವಾರಿ ಹೊರಟಿದ್ದಾರೆ. ಎಂಬತ್ತನೇ ಕಿಲೋಮೀಟರಿನಲ್ಲಿ ಇಬ್ಬರ ಚೈನೂ ಹರಿಯಿತು. ಒಬ್ಬ ಬಿಸಿಲಲ್ಲೇ ಕೂತು, ಕೈಯೆಲ್ಲ ಗ್ರೀಸ್ ಮಾಡ್ಕೊಂಡು, ಚೈನು ಜೋಡಿಸಿ ಮುಂದೆ ಹೋದ. ಇನ್ನೊಬ್ಬ ದಾರಿಯಲ್ಲಿ ಬಂದ ಗೂಡ್ಸ್ ಗಾಡಿಗೆ ಕೈ ಮಾಡಿ, ಸೈಕಲ್ ಹಿಂದೆ ಹಾಕ್ಕೊಂಡು ಮನೆಗೆ ಬಂದ. ಇವರಿಬ್ಬರಲ್ಲಿ ತಾಳ್ಮೆ ಇರುವವನು ಯಾರು?

ನೀವೆಲ್ಲ ಮೊದಲನೆಯವನು ಅಂತೀರಿ. ಇನ್‌ಸ್ಟಾಗ್ರಾಮಿನಲ್ಲಿ ಲೈಕ್ ಬೀಳೋದೂ ಅವನಿಗೇ. ನಾನು ಅಷ್ಟು ಬೇಗ ಕೈ ಎತ್ತೋದಿಲ್ಲ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಸುತ್ತಿ ಬಂದು ಹೇಳ್ತೀನಿ.

ನಮ್ಮ ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೆ ಸೈಕಲ್ ಹೊಸದಲ್ಲ. ರಾಜ್ಯದ ಸೈಕ್ಲಿಂಗ್ ತಂಡಕ್ಕೆ ಎಷ್ಟೋ ಹುಡುಗ ಹುಡುಗಿಯರನ್ನು ಕೊಟ್ಟ ನೆಲ ಇದು. ಈಗ ಬೆಂಗಳೂರು, ಹುಬ್ಬಳ್ಳಿಯಲ್ಲಿ ಕೆಲಸ ಮಾಡೋ ನಮ್ಮ ಯುವಕರೂ ರಜೆಗೆ ಬಂದಾಗ ದಪ್ಪ ಟೈರಿನ ಸೈಕಲ್ ತಗೊಂಡು ಹೊರಡ್ತಾರೆ. ಬಾಗಲಕೋಟೆಯಿಂದ ಬಾದಾಮಿ, ಅಲ್ಲಿಂದ ಮಲಪ್ರಭೆಯ ಕಡೆ ಪಟ್ಟದಕಲ್ಲು, ಐಹೊಳೆ, ಆಮೇಲೆ ಅಮೀನಗಡ, ಹುನಗುಂದ, ಇಳಕಲ್. ಡಾಂಬರು ಬಿಟ್ಟು ಹೊಲದ ದಾರಿಯನ್ನೂ ಸೇರಿಸಿದರೆ ಹೋಗಿ ಬರೋದಕ್ಕೆ 150 ಕಿಲೋಮೀಟರು ದಾಟುತ್ತೆ. ಅಮೀನಗಡದಲ್ಲಿ ಕರದಂಟು ತಿನ್ನದೆ ಮುಂದೆ ಹೋದವರನ್ನು ನಾನಂತೂ ನೋಡಿಲ್ಲ.

ಈ ದಾರಿ ಸೈಕಲ್‌ನ ಒಂದೊಂದು ಭಾಗವನ್ನೂ ಪರೀಕ್ಷೆ ಮಾಡುತ್ತೆ. ಬಾದಾಮಿ ಸುತ್ತ ಕೆಂಪು ಮರಳುಗಲ್ಲು. ಗಾಳಿ ಕಡಿಮೆ ಇರುವ ಚಕ್ರ ಕಲ್ಲಿನ ಅಂಚಿಗೆ ಬಡಿದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕು, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಬೀಳ್ತಾವು. ಹೊಲದ ದಾರಿಗೆ ಇಳಿದರೆ ಜಾಲಿ ಮುಳ್ಳು. ಹುನಗುಂದದ ಕಡೆ ಎರೆ ಮಣ್ಣು: ಒಣಗಿದಾಗ ಬಿರುಕು ಬಿಟ್ಟು ಗಟ್ಟಿಯಾಗಿರುತ್ತೆ, ಒಂದು ಮಳೆ ಬಿತ್ತೋ, ಟೈರಿಗೆ ಮೆತ್ತಿಕೊಂಡು ಫೋರ್ಕಿನ ನಡುವೆ ತುಂಬಿ ಚಕ್ರ ತಿರುಗೋದನ್ನೇ ನಿಲ್ಲಿಸಿಬಿಡುತ್ತೆ. ಆಗ ಸಿಟ್ಟಿನಿಂದ ಜೋರು ಮಾಡಿ ಪೆಡಲ್ ತುಳಿದಿರೋ, ಹಿಂದಿನ ಗೇರು ಬದಲಿಸುವ ಡಿರೇಲರ್ ಚಕ್ರದ ಕಡ್ಡಿಗೆ ಸಿಕ್ಕು ಮುರಿಯುತ್ತೆ. ಮಣ್ಣಿನಿಂದ ಸೈಕಲ್ ನಿಂತಿತು ನಿಜ. ಮುರಿದದ್ದು ಮಾತ್ರ ಸಿಟ್ಟಿನಿಂದ.

ಇಲ್ಲೇ ಒಂದು ವಿಚಿತ್ರ ನೋಡ್ರಿ. ಪಂಚರ್ ಆದಾಗ ನಾವು ಸೈಕಲ್ಲಿಗೆ ಬೈತೀವಿ. ಕೆಲವರು ಒದೀತಾರೆ. ಮುಳ್ಳಿಗೆ ನಿಮ್ಮ ಹೆಸರು ಗೊತ್ತಿಲ್ಲ, ಚೈನಿಗೆ ನಿಮ್ಮ ಮೇಲೆ ದ್ವೇಷ ಇಲ್ಲ. ಆದರೂ ಮನಸ್ಸು ಒಬ್ಬ ಅಪರಾಧಿಯನ್ನು ಹುಡುಕುತ್ತೆ. ನಮ್ಮ ಸಭೆಗಳಲ್ಲಿ ಈ ಹುಡುಕಾಟಕ್ಕೆ ಇನ್ನೊಂದು ದಾರಿ ಇದೆ, ನಗಬ್ಯಾಡ್ರಿ. ಪಂಚರ್ ಆದರೆ "ಇದು ಸೈತಾನನ ಅಡ್ಡಿ" ಅಂತಾನೆ ಒಬ್ಬ. "ದೇವರು ನಿನಗೆ ಏನೋ ಕಲಿಸ್ತಿದ್ದಾನೆ" ಅಂತಾನೆ ಇನ್ನೊಬ್ಬ. ಮೂರನೆಯವನು ಎಲ್ಲರಿಗಿಂತ ಜಾಣ: "ಹೊರಡೋಕೆ ಮುಂಚೆ ಟೈರ್ ನೋಡ್ಕೋಬೇಕಿತ್ತಲ್ಲಪಾ" ಅಂತಾನೆ. ಮೂವರೂ ನಿಂತು ಮಾತಾಡ್ತಾರೆ, ಪಂಪು ಮಾತ್ರ ಯಾರೂ ಕೊಡೋದಿಲ್ಲ.

ಯೋಬನ ಪುಸ್ತಕ ಓದಿದವರಿಗೆ ಈ ಮೂವರು ಗೊತ್ತಿರಬೇಕು. ಅವನ ಗೆಳೆಯರು ಮೊದಲ ಏಳು ದಿನ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅವರು ಮಾಡಿದ ಒಳ್ಳೇ ಕೆಲಸ ಅದೊಂದೇ. ಬಾಯಿ ಬಿಟ್ಟ ಮೇಲೆ ಕಾರಣ ಹೇಳೋದಕ್ಕೆ ಶುರು ಮಾಡಿದರು, ಕೊನೆಗೆ ದೇವರೇ ಅವರ ಮಾತು ಸರಿಯಿಲ್ಲ ಅಂದ.

ಬೈಬಲ್ ಕಾಲೇಜಿನಲ್ಲಿ ನಮಗೆ ಸ್ವಲ್ಪ ಗ್ರೀಕ್ ಹೇಳಿಕೊಡ್ತಾರೆ. ಸ್ವಲ್ಪ ಅಂದ್ರೆ ಸ್ವಲ್ಪವೇ. ಅದರಲ್ಲಿ ನನಗೆ ಉಳಿದಿರೋ ಒಂದು ಪದ 'ಹುಪೊಮೊನೆ'. ಹುಪೊ ಅಂದ್ರೆ ಕೆಳಗೆ, ಮೊನೆ ಬಂದಿರೋದು ಉಳಿ, ನಿಲ್ಲು ಅನ್ನೋ ಮಾತಿನಿಂದ. ಭಾರದ ಕೆಳಗೆ ನಿಂತುಕೊಂಡಿರೋದು. ಇದಕ್ಕೆ ನಾವು ತಾಳ್ಮೆ ಅಂತೀವಿ. ಇನ್ನೊಂದು ಪದ 'ಮಕ್ರೊಥುಮಿಯ'. ಅದಕ್ಕೆ ನಮ್ಮ ಹಳೇ ಅನುವಾದದಲ್ಲಿ ದೀರ್ಘಶಾಂತಿ ಅಂತ ಇದೆ. ಮೊದಲನೆಯದು ಹೆಚ್ಚಾಗಿ ಪರಿಸ್ಥಿತಿಯನ್ನು ಸಹಿಸೋದು, ಎರಡನೆಯದು ಹೆಚ್ಚಾಗಿ ಮನುಷ್ಯರನ್ನು ಸಹಿಸೋದು ಅಂತ ಪಂಡಿತರು ವಿಂಗಡಿಸ್ತಾರೆ. ಚೈನು ಹರಿದಾಗ ಬೇಕಾಗೋದು ಮೊದಲನೆಯದು. ಬರ್ತೀನಿ ಅಂತ ಹೇಳಿ ಎರಡು ತಾಸಾದರೂ ಬಾರದ ಮೆಕ್ಯಾನಿಕ್‌ಗೆ ಬೇಕಾಗೋದು ಎರಡನೆಯದು. ಕನ್ನಡದಲ್ಲಿ ನಾವು ಎರಡಕ್ಕೂ ತಾಳ್ಮೆ ಅಂದುಬಿಡ್ತೀವಿ. ಅದರಿಂದ ಒಂದು ದೊಡ್ಡ ಗೊಂದಲ ಆಗಿದೆ, ಅದಕ್ಕೆ ಆಮೇಲೆ ಬರ್ತೀನಿ.

ಯಾಕೋಬನ ಪತ್ರಿಕೆಯಲ್ಲಿ ಯೋಬನ ಬಗ್ಗೆ ಹೇಳುವಾಗ ಬಳಸಿರೋದು ಈ ಹುಪೊಮೊನೆ ಪದವನ್ನೇ. ಆಶ್ಚರ್ಯ ಅಲ್ವಾ? ಯೋಬ ಸುಮ್ಮನೆ ಇದ್ದವನಲ್ಲ. 42 ಅಧ್ಯಾಯದ ಪುಸ್ತಕದಲ್ಲಿ ಬಹುಪಾಲು ಅವನು ದೂರಿದ, ಅತ್ತ, ವಾದ ಮಾಡಿದ, ಹುಟ್ಟಿದ ದಿನವನ್ನೇ ಶಪಿಸಿದ. ಅಂಥವನನ್ನು ತಾಳ್ಮೆಗೆ ಮಾದರಿ ಅಂದರು. ಅಂದ್ರೆ ತಾಳ್ಮೆ ಅಂದ್ರೆ ಬಾಯಿ ಮುಚ್ಚಿಕೊಂಡಿರೋದು ಅಂತ ನಮಗೆ ಯಾರೋ ತಪ್ಪು ಹೇಳಿಕೊಟ್ಟಿದ್ದಾರೆ.

ಈಗ ಬೇರೆ ದೇಶದ ಒಂದು ಕಥೆ. ಕಥೆ ಅಂದೆ, ಆದರೆ ನಡೆದದ್ದು. 1913ರ ಟೂರ್ ಡಿ ಫ್ರಾನ್ಸ್. ಯೂಜೀನ್ ಕ್ರಿಸ್ಟೋಫ್ ಅನ್ನೋ ಸವಾರ ಪಿರನೀಸ್ ಬೆಟ್ಟಗಳಲ್ಲಿ ಟೂರ್ಮಲೆ ಅನ್ನೋ ಘಾಟಿ ಇಳೀತಿದ್ದಾಗ ಅವನ ಸೈಕಲ್ಲಿನ ಮುಂದಿನ ಫೋರ್ಕು ಮುರಿಯಿತು. ಆ ಕಾಲದ ನಿಯಮ ಏನಪ್ಪಾ ಅಂದ್ರೆ, ಸೈಕಲ್ ಬದಲಿಸೋ ಹಾಗಿಲ್ಲ, ಬೇರೆಯವರ ಸಹಾಯ ತಗೊಳ್ಳೋ ಹಾಗಿಲ್ಲ. ಆತ ಸೈಕಲ್ ಹೊತ್ತುಕೊಂಡು ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು ಸೇಂಟ್ ಮರಿ ದ ಕಾಂಪಾನ್ ಅನ್ನೋ ಹಳ್ಳಿಗೆ ಬಂದ. ಅಲ್ಲಿ ಒಂದು ಕಮ್ಮಾರನ ಕುಲುಮೆ. ಕಬ್ಬಿಣ ಕಾಯಿಸಿ, ಬಡಿದು, ತಾನೇ ಫೋರ್ಕು ಸರಿ ಮಾಡಿದ. ರೇಸಿನ ಅಧಿಕಾರಿಗಳು ಪಕ್ಕದಲ್ಲೇ ನಿಂತು ನೋಡ್ತಿದ್ದರು, ಕಮ್ಮಾರ ಬೆರಳು ಮುಟ್ಟಿಸಬಾರದಲ್ಲ! ಗಂಟೆಗಟ್ಟಲೆ ಹೋಯಿತು. ಆದರೆ ಒಬ್ಬನಿಗೆ ಇರೋದು ಎರಡೇ ಕೈ. ಕಬ್ಬಿಣ ಹಿಡಿಯಬೇಕು, ಬಡಿಯಬೇಕು, ತಿದಿ ಯಾರು ಒತ್ತಬೇಕು? ಅಲ್ಲಿದ್ದ ಒಬ್ಬ ಹುಡುಗ ಒತ್ತಿದ. ಅದಕ್ಕೆ ಕ್ರಿಸ್ಟೋಫ್‌ಗೆ 10 ನಿಮಿಷ ದಂಡ ಹಾಕಿದರು, ಆಮೇಲೆ 3 ನಿಮಿಷಕ್ಕೆ ಇಳಿಸಿದರು. ಇಷ್ಟಾದರೂ ಆತ ಪ್ಯಾರಿಸ್‌ಗೆ ಬಂದು 7ನೇ ಸ್ಥಾನದಲ್ಲಿ ಮುಗಿಸಿದ. 1919ರಲ್ಲಿ ಮುನ್ನಡೆಯಲ್ಲಿದ್ದ, ಹಳದಿ ಅಂಗಿ ತೊಟ್ಟ ಮೊದಲ ಸವಾರ ಅವನೇ. ಪ್ಯಾರಿಸ್ ಇನ್ನೇನು ಹತ್ತಿರ ಬಂತು ಅನ್ನುವಾಗ ಮತ್ತೆ ಫೋರ್ಕು ಮುರಿಯಿತು. 1922ರಲ್ಲಿ ಮೂರನೇ ಸಲ. ಆ ರೇಸನ್ನು ಆತ ಒಮ್ಮೆಯೂ ಗೆಲ್ಲಲಿಲ್ಲ.

ಎಲ್ಲರೂ ಈ ಕಥೆಯಲ್ಲಿ ಕ್ರಿಸ್ಟೋಫನ ಛಲವನ್ನು ನೋಡ್ತಾರೆ. ನೋಡಬೇಕಾದ್ದೇ. ನನ್ನ ಕಣ್ಣು ಮಾತ್ರ ಆ ತಿದಿ ಒತ್ತಿದ ಹುಡುಗನ ಮೇಲೆ ಹೋಗುತ್ತೆ. ದಂಡ ಬಿದ್ದದ್ದು ಸವಾರನಿಗೆ, ಆದರೆ ತಪ್ಪು ಅಂತ ಬರೆದದ್ದು ಏನನ್ನ? ಒಬ್ಬ ಹುಡುಗ ಬೆಂಕಿಗೆ ಗಾಳಿ ಹಾಕಿದ್ದನ್ನ. ಒಂಟಿಯಾಗಿ ಸಹಿಸಿದರೆ ಮಾತ್ರ ಸಹನೆ ಅನ್ನೋ ನಿಯಮ ಅದು. ಆಟಕ್ಕೆ ಆ ನಿಯಮ ಇರಲಿ. ಈಗಿನ ದೂರ ಸವಾರಿಗಳಲ್ಲೂ ಅಂಥದ್ದಿದೆ: ಬಿಆರ್‌ಎಂ ಸವಾರಿಯಲ್ಲಿ 200 ಕಿಲೋಮೀಟರನ್ನು 13 ಗಂಟೆ 30 ನಿಮಿಷದಲ್ಲಿ ಮುಗಿಸಬೇಕು, ಹಿಂದೆ ಸಹಾಯದ ಗಾಡಿ ಇಟ್ಕೊಂಡು ಹೋಗೋ ಹಾಗಿಲ್ಲ. ಆದರೆ ಜೊತೆಯ ಸವಾರ ಒಂದು ಟ್ಯೂಬ್ ಕೊಟ್ಟರೆ ಯಾರೂ ಬೇಡ ಅನ್ನೋದಿಲ್ಲ. ನನಗೆ ಈ ನಿಯಮ 1913ರದ್ದಕ್ಕಿಂತ ಮನುಷ್ಯರ ಬದುಕಿಗೆ ಹತ್ತಿರ ಅನ್ನಿಸುತ್ತೆ.

ಇಳಕಲ್ಲಿಗೆ ಹೋದಾಗ ಮಗ್ಗದ ಮನೆಯಲ್ಲಿ ಒಂದರ್ಧ ತಾಸು ಕೂತು ಬರ್ರಿ. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸ್ತಾರೆ. ನೇಯುವಾಗ ಎಳೆ ಹರಿಯೋದು ದಿನದ ಮಾತು. ನೇಕಾರ ಬೈಯೋದಿಲ್ಲ, ಹಾಗಂತ ಭಾಷಣಾನೂ ಮಾಡೋದಿಲ್ಲ. ಮಗ್ಗ ನಿಲ್ಲಿಸಿ, ಹರಿದ ತುದಿ ಹುಡುಕಿ, ಗಂಟು ಹಾಕಿ, ಮತ್ತೆ ಶುರು ಮಾಡ್ತಾನೆ. ಅವನನ್ನು ಯಾರೂ ಸಾಹಸಿ ಅಂತ ಕರೆಯೋದಿಲ್ಲ. ನಾವು ದುಡ್ಡು ಕೊಟ್ಟು ಸೈಕಲ್ ತಗೊಂಡು, ರಜೆ ಹಾಕಿ, ಕಷ್ಟವನ್ನು ಹುಡುಕ್ಕೊಂಡು ಹೋಗ್ತೀವಿ. ಅವನಿಗೆ ಕಷ್ಟ ಮನೆಗೇ ಬರುತ್ತೆ. ಆರಿಸಿಕೊಂಡ ಕಷ್ಟ ಬೇರೆ, ಹೇರಿದ ಕಷ್ಟ ಬೇರೆ. ಈ ವ್ಯತ್ಯಾಸ ಮರೆತು ತಾಳ್ಮೆಯ ಬಗ್ಗೆ ಮಾತಾಡೋದು ಅಪಾಯ.

ಹಾಗಾದ್ರೆ ಗೂಡ್ಸ್ ಗಾಡಿ ಹತ್ತಿ ಬಂದವನ ಕಥೆ? ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ ನೆನಪು ಮಾಡ್ಕೊಳ್ರಿ. ಪೌಲ ಹೋಗ್ತಿದ್ದ ಹಡಗಿನಲ್ಲಿ 276 ಜನ. ಬಿರುಗಾಳಿಗೆ ಸಿಕ್ಕರು. ಮೊದಲು ಸರಕು ಎಸೆದರು, ಆಮೇಲೆ ಹಡಗಿನ ಸಲಕರಣೆಯನ್ನು ತಮ್ಮ ಕೈಯಿಂದಲೇ ಎಸೆದರು, ಕೊನೆಗೆ ಹಡಗೇ ಒಡೆಯಿತು. ಈಜು ಬರೋರು ಈಜಿದರು, ಬಾರದವರು ಹಲಗೆ ಹಿಡಿದರು. 276 ಜನರೂ ದಡ ಸೇರಿದರು. ಹಡಗು ಮುಗಿಸಲಿಲ್ಲ, ಜನ ಮುಗಿಸಿದರು. ಹಡಗು ಬಿಟ್ಟದ್ದಕ್ಕೆ ಅವರನ್ನು ಯಾರಾದರೂ ತಾಳ್ಮೆ ಇಲ್ಲದವರು ಅಂತಾರಾ?

ಸೈಕಲ್ಲಿನಲ್ಲೂ ಇದೇ ಬುದ್ಧಿವಂತಿಕೆ ಇದೆ. ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಅನ್ನೋ ಚಿಕ್ಕ ಅಲ್ಯೂಮಿನಿಯಂ ತುಂಡು ಇರುತ್ತಲ್ಲ, ಅದನ್ನು ಬೇಕಂತಲೇ ಮೆತ್ತಗೆ ಮಾಡಿರ್ತಾರೆ. ದೊಡ್ಡ ಪೆಟ್ಟು ಬಿದ್ದಾಗ ಅದು ಬಾಗಬೇಕು ಇಲ್ಲಾ ಮುರಿಯಬೇಕು, ಫ್ರೇಮು ಉಳಿಯಬೇಕು. ಅದು ಮುರಿಯದಷ್ಟು ಗಟ್ಟಿ ಇದ್ದರೆ ಫ್ರೇಮೇ ಹೋಗುತ್ತೆ. ಹ್ಯಾಂಗರ್ ಮುರಿದಾಗ ತಿಳಿದವರು ಏನ್ ಮಾಡ್ತಾರೆ? ಡಿರೇಲರ್ ಬಿಚ್ಚಿ, ಚೈನು ಕತ್ತರಿಸಿ ಗಿಡ್ಡ ಮಾಡಿ, ಒಂದೇ ಗೇರಿನಲ್ಲಿ ಊರು ಮುಟ್ಟುತ್ತಾರೆ. ಏರಿನಲ್ಲಿ ಇಳಿದು ತಳ್ಳಬೇಕು, ಇಳಿಜಾರಿನಲ್ಲಿ ಪೆಡಲ್ ಸುಮ್ಮನೆ ತಿರುಗುತ್ತೆ. ಚೆಂದ ಏನಿಲ್ಲ. ಆದರೆ ಮನೆ ಸೇರ್ತಾರೆ. ಕೆಲಸ ಹೋದ ಮೇಲೆ ಚಿಕ್ಕ ಬಾಡಿಗೆ ಮನೆಗೆ ಬಂದು, ಇಎಂಐ ಕಟ್ಟಿಕೊಂಡು ಬದುಕ್ತಿರೋ ಕೆಲವರು ಇಲ್ಲೇ ಕೂತಿದ್ದೀರಿ. ನಾನು ಯಾರ ಬಗ್ಗೆ ಹೇಳ್ತಿದ್ದೀನಿ ಅಂತ ನಿಮಗೆ ಗೊತ್ತು.

ಈಗ ಆಮೇಲೆ ಬರ್ತೀನಿ ಅಂದ ಗೊಂದಲಕ್ಕೆ ಬರ್ತೀನಿ. ಇವತ್ತು ನಾನು ಮಾತಾಡೋದಕ್ಕೆ ನಿಂತದ್ದೇ ಇದಕ್ಕೆ.

ಮುಳ್ಳಿಗೆ ಉದ್ದೇಶ ಇಲ್ಲ ಅಂದೆ. ಅದಕ್ಕೇ ಮುಳ್ಳನ್ನು ಕ್ಷಮಿಸೋ ಪ್ರಶ್ನೆ ಬರೋದಿಲ್ಲ, ಬೈಯೋ ಪ್ರಶ್ನೆಯೂ ಬರೋದಿಲ್ಲ. ಕಿತ್ತು ಹಾಕಿ ಮುಂದೆ ಹೋಗ್ತೀವಿ. ಆದರೆ ಹೊಡೆಯುವ ಕೈಗೆ ಉದ್ದೇಶ ಇದೆ. ಕುಡಿದು ಬಂದು ಹೆಂಡತಿಯ ಮೇಲೆ ಕೈ ಎತ್ತೋ ಗಂಡ ಜಾಲಿ ಮುಳ್ಳಲ್ಲ, ಎರೆ ಮಣ್ಣಲ್ಲ. ಅವನು ಬೇರೆ ಹಾಗೆ ಮಾಡಬಹುದಿತ್ತು, ಮಾಡಲಿಲ್ಲ. ಆ ತಂಗಿ ಅಳ್ತಾ ಬಂದಾಗ ನಮ್ಮ ಸಭೆಗಳಲ್ಲಿ ಎಷ್ಟು ಸಲ ಕೇಳಿದ್ದೀವಿ, "ತಾಳ್ಕೊಳ್ಳಮ್ಮಾ, ಪ್ರಾರ್ಥನೆ ಮಾಡು, ಎಲ್ಲಾ ಸರಿ ಹೋಗುತ್ತೆ" ಅಂತ? ಪಂಚರಿಗೆ ಹೇಳೋ ಮಾತನ್ನು ಅಪರಾಧಕ್ಕೆ ಹೇಳ್ತಿದ್ದೀವಿ. ಪ್ರಾರ್ಥನೆ ಮಾಡೋಣ, ಬೇಡ ಅನ್ನೋದಿಲ್ಲ. ಆದರೆ ಅವಳ ತಾಳ್ಮೆಯಿಂದ ಲಾಭ ಆಗ್ತಿರೋದು ಯಾರಿಗೆ? ಸವಾರ ತನ್ನ ಸವಾರಿಯನ್ನು ತಾನೇ ಆರಿಸಿಕೊಂಡ, ಬೇಕಾದಾಗ ಇಳೀಬಹುದು. ಅವಳಿಗೆ ಇಳಿಯೋದಕ್ಕೆ ಯಾರು ಬಿಟ್ಟರು?

"ಪಾಸ್ಟರ್, ದೀರ್ಘಶಾಂತಿ ಮನುಷ್ಯರಿಗೇ ಅಂದ್ರಲ್ಲ, ಗಂಡನೂ ಮನುಷ್ಯನೇ ಅಲ್ವಾ" ಅಂತ ಯಾರಾದರೂ ಕೇಳಬಹುದು. ಒಳ್ಳೇ ಪ್ರಶ್ನೆ. ತಡವಾಗಿ ಬಂದ ಮೆಕ್ಯಾನಿಕ್‌ಗೆ, ಗೊಣಗೋ ಅತ್ತೆಗೆ, ಮರೆಯೋ ಗೆಳೆಯನಿಗೆ ದೀರ್ಘಶಾಂತಿ ತೋರಿಸ್ರಿ. ಅದು ಬೇಗ ಸಿಟ್ಟಾಗದೆ ಇರೋದು. ಸೇಡು ತೀರಿಸಿಕೊಳ್ಳದೆ ಇರೋದು. ಪೆಟ್ಟು ತಿನ್ನೋ ಜಾಗದಲ್ಲೇ ನಿಂತಿರೋದು ಅಂತ ಅದರ ಅರ್ಥದಲ್ಲಿ ಎಲ್ಲೂ ಇಲ್ಲ. ದಮಸ್ಕದಲ್ಲಿ ಪೌಲನನ್ನು ಕೊಲ್ಲೋದಕ್ಕೆ ಕಾಯ್ತಿದ್ದಾಗ ಅವನು ಬುಟ್ಟಿಯಲ್ಲಿ ಕೂತು ಗೋಡೆಯಿಂದ ಇಳಿದು ತಪ್ಪಿಸಿಕೊಂಡ. ಹಗ್ಗ ಹಿಡಿದು ಬುಟ್ಟಿ ಇಳಿಸಿದವರು ಸಭೆಯವರು.

ಅಣ್ಣಂದಿರೇ, ತಮ್ಮಂದಿರೇ, ಅದಕ್ಕೇ ಕೇಳ್ತೀನಿ, ನಾವು ಹಗ್ಗ ಹಿಡಿಯೋರಾ, ಇಲ್ಲಾ ಯಾರು ತಿದಿ ಒತ್ತಿದರು ಅಂತ ನೋಡಿ ದಂಡ ಬರೆಯೋರಾ?

ಕೂಟ ಮುಗಿದ ಮೇಲೆ ನನ್ನ ಮನೆಯವರು ಮತ್ತು ಇಬ್ಬರು ಅಕ್ಕಂದಿರು ಹಿಂದಿನ ಕೋಣೆಯಲ್ಲಿ ಇರ್ತಾರೆ. ಯಾರಿಗಾದರೂ ಮಾತಾಡಬೇಕು ಅನ್ನಿಸಿದರೆ ಹೋಗ್ರಿ, ಗಂಡಸರು ಯಾರೂ ಆ ಕಡೆ ಹೋಗಬ್ಯಾಡ್ರಿ. ಮಹಿಳಾ ಸಹಾಯವಾಣಿ 181, ತಕ್ಷಣದ ಅಪಾಯಕ್ಕೆ 112, ಎರಡೂ ನಂಬರು ಫೋನಿನಲ್ಲಿ ಇಟ್ಕೊಳ್ರಿ. 2005ರಲ್ಲೇ ಮನೆಯೊಳಗಿನ ಹಿಂಸೆಯಿಂದ ಹೆಣ್ಣುಮಕ್ಕಳನ್ನು ಕಾಯೋ ಕಾನೂನು ಬಂದಿದೆ. ಅದರ ಕೆಳಗೆ ರಕ್ಷಣಾಧಿಕಾರಿ ಇರ್ತಾರೆ, ಅವರ ಕಚೇರಿಗೆ ಜೊತೆಗೆ ಬರೋದಕ್ಕೆ ನಾವು ತಯಾರಿದ್ದೀವಿ. ಶನಿವಾರ ಬಾದಾಮಿ ಕಡೆ ಹೊರಡೋ ಸೈಕಲ್ ಹುಡುಗರು ಬಾಗಿಲ ಹತ್ತಿರ ನಿಲ್ರಿ, ಬೆಳಗ್ಗೆ ಎಷ್ಟಕ್ಕೆ ಅಂತ ಮಾತಾಡೋಣ.