ಛಾವಣಿ ಹತ್ತಿ ನೋಡಿದವರು

ಗಂಗಾವತಿ, ಕಾರಟಗಿ, ಸಿಂಧನೂರಿನ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದರೆ ಭತ್ತದ ಗದ್ದೆ ಮುಗಿಯಿತು ಎನ್ನುವಷ್ಟರಲ್ಲಿ ಒಂದು ಅಕ್ಕಿ ಗಿರಣಿ ಎದುರಾಗುತ್ತದೆ. ಉದ್ದನೆಯ ಶೀಟಿನ ಛಾವಣಿ, ಮಗ್ಗುಲಲ್ಲಿ ಬಾಯ್ಲರಿನ ಚಿಮಣಿ, ಮುಂದೆ ಲಾರಿಗಳು. ಕಾಲುವೆಯ ನೀರಿಗಾದರೆ ಅಲ್ಲಿ ಸರದಿ ಕಾಯಬೇಕು, ಬಿಸಿಲಿಗೆ ಕಾಯಬೇಕಿಲ್ಲ. ಕರೆಂಟ್ ಬಿಲ್ಲು ಕೈಗೆ ಬಂದ ದಿನ ಗಿರಣಿಯ ಮಾಲೀಕರ ಕಣ್ಣು ತಮ್ಮದೇ ಛಾವಣಿಯ ಕಡೆ ಹೋಗುವುದು ಸಹಜ. ಅಷ್ಟಾದರೆ ಸಾಕು, ಸೋಲಾರ್ ಹಾಕುವವರ ಕೊಟೇಶನ್ನುಗಳು ಒಂದರ ಹಿಂದೆ ಒಂದು ಬಂದು ಮೇಜಿನ ಮೇಲೆ ಕೂರುತ್ತವೆ. ನಾವೆಲ್ಲ ಅದರಲ್ಲಿ ಮೊದಲು ಓದುವುದು ಕೊನೆಯ ಸಾಲನ್ನು, ಅಂದರೆ ಒಟ್ಟು ಮೊತ್ತವನ್ನು. ಮದುವೆಗೆ ಅಡುಗೆಯವರನ್ನು ಗೊತ್ತುಮಾಡುವಾಗಲೂ ನಮ್ಮ ಪದ್ಧತಿ ಇದೇ. ಆದರೆ ಮದುವೆಯ ಊಟ ಸಂಜೆಗೆ ಮುಗಿಯುತ್ತದೆ. ಸೋಲಾರ್ ಪ್ಯಾನೆಲ್ಲಿನ ಸಂಬಂಧ 25 ವರ್ಷದ್ದು.

ಹಾಗಾಗಿ ಯಾರು ಎಷ್ಟು ಹೇಳಿದರು ಎನ್ನುವುದಕ್ಕಿಂತ ಮೊದಲು, ಹೇಳುವ ಮುಂಚೆ ಯಾರು ಏನು ಕೇಳಿದರು ಎಂದು ನೋಡುವುದು ಒಳ್ಳೆಯದು. ಬಲ್ಲವನು ಮೊದಲು ಹಿಂದಿನ ಹನ್ನೆರಡು ತಿಂಗಳ ಕರೆಂಟ್ ಬಿಲ್ಲು ಕೇಳುತ್ತಾನೆ. ಅಕ್ಕಿ ಗಿರಣಿ ವರ್ಷವಿಡೀ ಒಂದೇ ಸಮನೆ ಓಡುವುದಿಲ್ಲ. ಮುಂಗಾರು ಬೆಳೆ ಬಂದಾಗ ಒಂದು ಭರಾಟೆ, ನೀರಿದ್ದರೆ ಬೇಸಿಗೆ ಬೆಳೆ ಬಂದಾಗ ಇನ್ನೊಂದು. ನಡುವೆ ಯಂತ್ರಗಳಿಗೆ ಬಿಡುವು. ಸೂರ್ಯನಿಗೆ ಆ ಬಿಡುವಿಲ್ಲ. ಆಗ ಉಳಿಯುವ ಕರೆಂಟ್ ವಿದ್ಯುತ್ ಕಂಪನಿಯ ಲೈನಿಗೆ ಹೋಗುತ್ತದೆ ನಿಜ, ಆದರೆ ಹೆಚ್ಚುವರಿ ಯೂನಿಟ್ಟಿಗೆ ಅವರು ಕೊಡುವ ಬೆಲೆ ನಾವು ಅವರಿಂದ ಕೊಳ್ಳುವ ಬೆಲೆಗಿಂತ ಕಡಿಮೆ. ಒಂದು ಕಿಲೋವ್ಯಾಟಿಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಬೇಕು. ವರ್ಷದ ಸರಾಸರಿಯಲ್ಲಿ ಅದು ದಿನಕ್ಕೆ 4 ಯೂನಿಟ್‌ನಷ್ಟು ಕೊಡುತ್ತದೆ. ಛಾವಣಿ ದೊಡ್ಡದಿದೆ ಎಂಬ ಒಂದೇ ಕಾರಣಕ್ಕೆ "100 ಕಿಲೋವ್ಯಾಟ್ ಹಾಕಿಸಿಬಿಡಿ ಸಾರ್" ಎನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಬಿಲ್ಲುಗಳನ್ನು ತಿರುವಿ ಹಾಕಿ "ನಿಮ್ಮ ಬಳಕೆಗೆ 50 ಸಾಕು" ಎಂದು ತನ್ನ ವ್ಯಾಪಾರವನ್ನೇ ಅರ್ಧಕ್ಕೆ ಇಳಿಸಿಕೊಳ್ಳುವವನು ಸಿಕ್ಕರೆ ಅವನನ್ನು ಕೂರಿಸಿ ಇನ್ನೊಂದು ಲೋಟ ಚಹಾ ಕೊಡಬೇಕು.

ಚಹಾ ಕುಡಿದ ಮೇಲೆ ಅವನು ಏಣಿ ಕೇಳಬೇಕು. ಉಪಗ್ರಹದ ಚಿತ್ರ ನೋಡಿ ಕಂಪ್ಯೂಟರಿನಲ್ಲೇ ಛಾವಣಿ ಅಳೆದು ಕೊಟೇಶನ್ ಕಳಿಸುವ ಕಾಲ ಇದು. ಅಂದಾಜಿಗೆ ಅದು ಸಾಕು, ಕೆಲಸಕ್ಕೆ ಸಾಲದು. ಶೀಟು ಕಬ್ಬಿಣದ್ದೋ ಆಸ್ಬೆಸ್ಟಾಸೋ, ಕೆಳಗಿನ ಆಂಗಲ್ಲುಗಳಿಗೆ ತುಕ್ಕು ಹಿಡಿದಿದೆಯೋ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಈಗಿನ ದೊಡ್ಡ ಪ್ಯಾನೆಲ್ ಒಂದೊಂದೂ 28ರಿಂದ 30 ಕಿಲೋ ತೂಗುತ್ತದೆ, ಅಂಥವು ನೂರು ಇನ್ನೂರು ಏರುತ್ತವೆ. ಭಾರಕ್ಕಿಂತ ಗಾಳಿಯ ಚಿಂತೆ ಹೆಚ್ಚು. ಮುಂಗಾರಿಗೆ ಮುಂಚಿನ ಬಿರುಗಾಳಿ ಪ್ಯಾನೆಲ್ಲನ್ನು ಕೆಳಕ್ಕೆ ಒತ್ತುವುದಷ್ಟೇ ಅಲ್ಲ, ಮೇಲಕ್ಕೂ ಎಳೆಯುತ್ತದೆ. ಇನ್ನು ಚಿಮಣಿಯ ನೆರಳು. ಪ್ಯಾನೆಲ್ಲುಗಳನ್ನು ಸರಣಿಯಾಗಿ ಜೋಡಿಸಿರುವುದರಿಂದ ಒಂದರ ಮೇಲೆ ಬಿದ್ದ ನೆರಳು ಇಡೀ ಸಾಲಿನ ಉತ್ಪಾದನೆಯನ್ನು ತಗ್ಗಿಸಬಲ್ಲದು. ಅದೇ ಚಿಮಣಿಯಿಂದ ಬರುವ ಹೊಟ್ಟಿನ ಬೂದಿ, ಅಂಗಳದ ಧೂಳು ದಿನಾ ಮೇಲೆ ಕೂರುತ್ತವೆ. ತೊಳೆಯಲು ಬೋರ್‌ವೆಲ್ಲಿನ ಗಡಸು ನೀರು ಬಿಟ್ಟರೆ ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ತೊಳೆಯುವವನು ನಡೆದಾಡಲು ಪ್ಯಾನೆಲ್ಲುಗಳ ನಡುವೆ ಬಿಟ್ಟ ದಾರಿಯ ಒಂದು ಗೆರೆ ನಕ್ಷೆಯಲ್ಲಿ ಇದ್ದರೆ, ಅದನ್ನು ಬರೆದವನು ಇಂಥ ಕೆಲಸ ಮಾಡಿದ ಮೇಲೂ ಹಿಂತಿರುಗಿ ನೋಡಿದ್ದಾನೆ ಎಂದು ತಿಳಿಯಬಹುದು.

ಬಿಸಿಲು ಹೆಚ್ಚಾದಷ್ಟೂ ಕರೆಂಟ್ ಹೆಚ್ಚು ಎಂಬ ನಮ್ಮ ನಂಬಿಕೆಯೂ ಪೂರ್ತಿ ನಿಜವಲ್ಲ. ಪ್ಯಾನೆಲ್ಲಿಗೆ ಬೇಕಾದದ್ದು ಬೆಳಕು. ಕಾವು ಅದಕ್ಕೆ ಆಗದು. ಅದರ ಮೇಲೆ ಬರೆದಿರುವ ಶಕ್ತಿ 25 ಡಿಗ್ರಿ ಉಷ್ಣತೆಯ ಲೆಕ್ಕದ್ದು. ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಅದರ ಮೈ 60 ಡಿಗ್ರಿ ದಾಟಿದಾಗ ಉತ್ಪಾದನೆಯಲ್ಲಿ ಎಂಟನೇ ಒಂದು ಭಾಗದಷ್ಟು ಸೋರಿಹೋಗುತ್ತದೆ. ಇದನ್ನು ತಾನಾಗಿಯೇ ಹೇಳುವವನು ಪ್ರಾಮಾಣಿಕ. ಹಾಗೆಯೇ ಇನ್ನೊಂದು ಮಾತು: ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಊರಿನ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿ ರಿಪೇರಿ ಮಾಡುವ ಲೈನ್‌ಮ್ಯಾನಿಗೆ ನಮ್ಮ ಛಾವಣಿಯ ಕರೆಂಟ್ ಹೊಡೆಯಬಾರದಲ್ಲ, ಅದಕ್ಕೆ. ಲಕ್ಷಗಟ್ಟಲೆ ಸುರಿದ ಮೇಲೆ ಮೊದಲ ಪವರ್ ಕಟ್ಟಿನಲ್ಲಿ ಇದು ಗೊತ್ತಾದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಸಬ್ಸಿಡಿಯ ಮಾತೂ ಒಂದು ಒಳ್ಳೆಯ ಪರೀಕ್ಷೆ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿವರೆಗಿನ ನೆರವು ವಾಸದ ಮನೆಗಳಿಗೆ ಮಾತ್ರ. ಗಿರಣಿಗೂ ಅಂಗಡಿಗೂ ಅಲ್ಲ. ಉದ್ಯಮಿಗೆ ಸಿಗುವುದು ಆದಾಯ ತೆರಿಗೆಯ ಲೆಕ್ಕದಲ್ಲಿ ಶೇ 40ರ ಸವಕಳಿ, ಅದನ್ನು ಆಡಿಟರ್ ನೋಡಿಕೊಳ್ಳುತ್ತಾರೆ. ಗಿರಣಿಯವರ ಮುಂದೆ ಕೂತು "ಸಬ್ಸಿಡಿ ನಾನು ಮಾಡಿಸಿಕೊಡುತ್ತೇನೆ ಬಿಡಿ" ಎನ್ನುವವನ ಜೊತೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ಗ್ಯಾರಂಟಿಯ ವಿಷಯದಲ್ಲಿ ಸ್ವಲ್ಪ ನಿಧಾನ ಮಾಡೋಣ. 25 ವರ್ಷ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರುವುದು ಪ್ಯಾನೆಲ್ಲಿನ ಉತ್ಪಾದನೆ ಇಂತಿಷ್ಟಕ್ಕಿಂತ ಇಳಿಯುವುದಿಲ್ಲ ಎಂಬ ತಯಾರಕರ ಭರವಸೆ. ಪ್ಯಾನೆಲ್ ಒಡೆದರೆ, ನೀರು ಹೊಕ್ಕರೆ ಅದರ ವಾರಂಟಿ ಬೇರೆ, ಸಾಮಾನ್ಯವಾಗಿ 10–12 ವರ್ಷ. ಇನ್ವರ್ಟರಿಗೆ ಬಹಳ ಕಡೆ 5ರಿಂದ 10. ಮೊದಲು ಕೈಕೊಡುವುದು ಬಹುಮಟ್ಟಿಗೆ ಈ ಇನ್ವರ್ಟರೇ. ತಯಾರಕರು ಎಲ್ಲೋ ಇರುತ್ತಾರೆ. ಕೆಟ್ಟದ್ದನ್ನು ಪತ್ತೆಹಚ್ಚಿ, ಬಿಚ್ಚಿ, ಕಳಿಸಿ, ಹೊಸದು ಬರುವವರೆಗೆ ಬೆನ್ನುಬೀಳುವವರು ಇದನ್ನು ಹಾಕಿದವರೇ ಆಗಬೇಕು. ಇಂದು ಶಿವಮೊಗ್ಗದಿಂದಲೋ ಪುಣೆಯಿಂದಲೋ ಬಂದು ಹಾಕಿ ಹೋದವರು ಎಂಟನೇ ವರ್ಷ ಫೋನ್ ಎತ್ತುತ್ತಾರೆಯೇ? ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ಹಳೆಯ ಉತ್ತರವೊಂದಿದೆ. 1995ರಲ್ಲಿ ಹರೀಶ್ ಹಂದೆಯವರು ಶುರುಮಾಡಿದ ಸೆಲ್ಕೊ, ಹಳ್ಳಿಯ ಮನೆಗಳಿಗೆ ಸೋಲಾರ್ ದೀಪ ಮಾರುವಾಗಲೇ ಬ್ಯಾಂಕ್ ಸಾಲದ ದಾರಿಯನ್ನೂ ಮನೆ ಬಾಗಿಲಿಗೆ ಬಂದು ದುರಸ್ತಿ ಮಾಡುವ ವ್ಯವಸ್ಥೆಯನ್ನೂ ಅದರೊಂದಿಗೆ ಸೇರಿಸಿತ್ತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ದೀಪ ಕೆಟ್ಟಾಗ ಬರುವ ಹುಡುಗ ಹತ್ತಿರದಲ್ಲೇ ಇರಬೇಕು ಎಂಬ ಆ ಸರಳ ವಿವೇಕ ದೊಡ್ಡ ಗಿರಣಿಗೂ ಒಪ್ಪುತ್ತದೆ.

ಇಷ್ಟೆಲ್ಲ ಹಾಕುವವನ ಗುಣ ಪರೀಕ್ಷೆಯಾಯಿತು. ಹಾಕಿಸುವವರದು? ಮೂರು ಕೊಟೇಶನ್ನುಗಳಲ್ಲಿ ಅತಿ ಕಡಿಮೆಯದನ್ನು ತೋರಿಸಿ ಉಳಿದಿಬ್ಬರನ್ನು ಹಿಂಡುವುದು ನಮಗೆ ಜಾಣತನವೆನಿಸುತ್ತದೆ. ಒಂದು ಹಂತದ ನಂತರ ಹಾಕುವವನು ಲಾಭ ಬಿಡುವುದಿಲ್ಲ, ಬಿಡಲು ಆಗುವುದೂ ಇಲ್ಲ. ಕಣ್ಣಿಗೆ ಕಾಣದ ಕಡೆ ಕತ್ತರಿ ಹಾಕುತ್ತಾನೆ. ಅರ್ಥಿಂಗ್ ಗುಂಡಿ ಒಂದು ಕಡಿಮೆಯಾಗುತ್ತದೆ, ಕೇಬಲ್ ಒಂದು ಸೈಜ್ ಸಣ್ಣದಾಗುತ್ತದೆ, ಕಬ್ಬಿಣದ ಚೌಕಟ್ಟಿನ ಸತುವಿನ ಲೇಪ ತೆಳುವಾಗುತ್ತದೆ, ಸಿಡಿಲು ತಡೆಯುವ ಸಲಾಕೆ ಹೆಸರಿಗೆ ನಿಂತಿರುತ್ತದೆ. ಆ ಮೋಸದಲ್ಲಿ ನಮ್ಮ ಚೌಕಾಸಿಗೂ ಪಾಲಿದೆ. ಅವನಿಗೆ ನ್ಯಾಯವಾದ ಲಾಭ ಬಿಟ್ಟುಕೊಡುವುದನ್ನು ಔದಾರ್ಯ ಎಂದು ತಿಳಿಯಬೇಕಿಲ್ಲ. ಎಂಟನೇ ವರ್ಷ ಅವನು ವ್ಯಾಪಾರದಲ್ಲಿ ಉಳಿದಿರಲಿ ಎಂದು ನಾವೇ ಮಾಡಿಕೊಳ್ಳುವ ಏರ್ಪಾಡು ಅದು. ಕಂತುಗಳನ್ನು ಮೊದಲೇ ಕಾಗದದ ಮೇಲೆ ಬರೆದುಕೊಂಡು, ಮೀಟರ್ ತಿರುಗಿದ ಮೇಲೆ ಕೊಡಬೇಕಾದ ಕೊನೆಯ ಕಂತನ್ನು ಸತಾಯಿಸದೆ ಕೊಟ್ಟರೆ, ಮುಂದೊಂದು ದಿನ ನಮ್ಮ ಫೋನಿಗೆ ಅವನು ಬೇಗ ಓಗೊಡುತ್ತಾನೆ.

ಸಹಿ ಹಾಕುವ ಮುನ್ನ ಒಂದು ಕೆಲಸ ಮಾಡಿ. ಕಳೆದ ತಿಂಗಳು ಹಾಕಿದ ಹೊಳೆಯುವ ಪ್ಯಾನೆಲ್ಲುಗಳ ಫೋಟೊ ಪಕ್ಕಕ್ಕಿಟ್ಟು, ಐದಾರು ವರ್ಷದ ಹಿಂದೆ ಅವನಿಂದ ಹಾಕಿಸಿಕೊಂಡವರ ವಿಳಾಸ ಕೇಳಿ ಪಡೆಯಿರಿ. ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೋಗಿ, ಅವರ ಒಪ್ಪಿಗೆ ಪಡೆದು ಛಾವಣಿ ಹತ್ತಿ ನೋಡಿ, ಇಳಿದು ಬಂದು ಬಿಲ್ಲುಗಳನ್ನೂ ನೋಡಿ. ಆಮೇಲೆ ಕೊಟೇಶನ್ನಿನ ಕೊನೆಯ ಸಾಲು ಓದಿ.